ಅಪ್ಪ ಅಮ್ಮ ಊರಿಂದ ಬಂದಾಗ ಒಂದು ಒಳ್ಳೆ ಫೋಟೋ: ಹೊರಗಡೆ ಬೆಳಕಿನಲ್ಲಿ ತೆಗೆಯೋದು ಹೇಗೆ

ಈ ಸಲದ ವಿಡಿಯೋ ಮಾತನ್ನ ಓದೋಕೆ ಅನುಕೂಲ ಆಗೋ ಹಾಗೆ ಸ್ವಲ್ಪ ತಿದ್ದಿ ಇಲ್ಲಿ ಹಾಕಿದ್ದೀನಿ. ಕ್ಯಾಮೆರಾ ಸೆಟ್ಟಿಂಗ್ ಮಾತ್ರ ಬೇಕು ಅನ್ನೋರು ಕೊನೆಯ ಹತ್ತಿರಕ್ಕೆ ಹೋಗಬಹುದು. ಆದರೆ ಮೊದಲಿನ ಭಾಗ ಓದದೆ ಹೋದರೆ ಆ ಸೆಟ್ಟಿಂಗ್‌ನಿಂದ ದೊಡ್ಡ ಉಪಯೋಗ ಇಲ್ಲ ಅಂತ ಈಗಲೇ ಹೇಳಿಬಿಡ್ತೀನಿ.

ಒಂದು ಕೆಲಸ ಮಾಡಿ. ನಿಮ್ಮ ಫೋನ್ ಗ್ಯಾಲರಿ ತೆಗೆದು, ಅಪ್ಪ ಅಮ್ಮ ಇಬ್ಬರೇ ಇರೋ, ಇಬ್ಬರ ಕಣ್ಣೂ ಸರಿಯಾಗಿ ಕಾಣೋ, ಇಬ್ಬರೂ ಅವರ ಹಾಗೇ ಇರೋ ಒಂದು ಫೋಟೋ ಹುಡುಕಿ. ಮದುವೆ ಮನೆ ಸ್ಟೇಜ್ ಮೇಲಿನ ಗ್ರೂಪ್ ಫೋಟೋ ಲೆಕ್ಕಕ್ಕಿಲ್ಲ. ವಿಮಾನ ನಿಲ್ದಾಣದ ಸೆಲ್ಫಿಯೂ ಇಲ್ಲ. ಸಾವಿರಾರು ಫೋಟೋಗಳಲ್ಲಿ ಬಹಳ ಜನರಿಗೆ ಅಂಥದ್ದೊಂದು ಸಿಗೋದಿಲ್ಲ. ಇದು ಕೇಳೋಕೆ ಕಷ್ಟ ಅನ್ನಿಸಬಹುದು, ಆದರೂ ಹೇಳ್ತೀನಿ: ಮನೆಯಲ್ಲಿ ಹಿರಿಯರು ತೀರಿಕೊಂಡ ದಿನ ಫ್ರೇಮ್ ಹಾಕಿಸೋಕೆ ಒಂದು ಫೋಟೋ ಬೇಕಾಗುತ್ತೆ. ಆಗ ಯಾವುದೋ ನಾಮಕರಣದ ಗುಂಪಿನಿಂದ ಮುಖ ಕತ್ತರಿಸಿ, ಪಕ್ಕದವರ ಹೆಗಲನ್ನ ಅಳಿಸಿ, ದೊಡ್ಡದು ಮಾಡಿಸ್ತಾರೆ. ಗೋಡೆ ಮೇಲೆ ಹಾರ ಹಾಕಿಕೊಂಡು ನಮ್ಮನ್ನ ನೋಡೋ ಎಷ್ಟೋ ಮುಖಗಳು ಮಬ್ಬಾಗಿರೋದು ಇದಕ್ಕೇ.

ಪುಣೆ, ಹೈದರಾಬಾದ್, ಚೆನ್ನೈ, ಎಲ್ಲೇ ಇರಿ, ಊರಿಂದ ಅವರು ವರ್ಷಕ್ಕೆ ಒಂದೋ ಎರಡೋ ಸಲ ಬರ್ತಾರೆ. ಹದಿನೈದು ದಿನ ಇರ್ತಾರೆ. ಅದರಲ್ಲಿ ಒಂದು ಸಂಜೆಯ ಅರ್ಧ ಗಂಟೆ ಸಾಕು.

ಅರ್ಧ ಗಂಟೆ ಅಂದದ್ದು ಬಾಯಿಮಾತಿಗಲ್ಲ. ಯೂಟ್ಯೂಬ್‌ನಲ್ಲಿ ಇಂಗ್ಲಿಷ್ ಪಾಠಗಳನ್ನ ನೋಡಿದವರು ‘ಗೋಲ್ಡನ್ ಅವರ್’ ಅನ್ನೋದನ್ನ ಕೇಳಿರ್ತೀರಿ. ಸೂರ್ಯ ಮುಳುಗೋ ಮುಂಚಿನ ಒಂದು ಗಂಟೆ ಹೊಂಬಿಸಿಲು ಅಂತ. ಲಂಡನ್ನಿನವರಿಗೆ ಅದು ನಿಜ. ಅಲ್ಲಿ ಸೂರ್ಯ ಓರೆಯಾಗಿ, ನಿಧಾನವಾಗಿ ಇಳೀತಾನೆ. ನಾವು ಭೂಮಧ್ಯರೇಖೆಗೆ ಹತ್ತಿರ ಇರೋರು, ನಮ್ಮಲ್ಲಿ ಸೂರ್ಯ ಹೆಚ್ಚು ಕಡಿಮೆ ನೆಟ್ಟಗೆ ಇಳೀತಾನೆ. ಪುಣೆಯಲ್ಲೋ ಹೈದರಾಬಾದಿನಲ್ಲೋ ದಿಗಂತದಿಂದ 6 ಡಿಗ್ರಿ ಮೇಲಿದ್ದ ಸೂರ್ಯ ಮುಳುಗೋಕೆ ಸುಮಾರು 25 ನಿಮಿಷ ಸಾಕು. ಜೂನ್ ತಿಂಗಳ ಲಂಡನ್ನಿನಲ್ಲಿ ಅದಕ್ಕೆ ಮುಕ್ಕಾಲು ಗಂಟೆ ಹತ್ತಿರ ಹಿಡಿಯುತ್ತೆ. ಹಾಗಾಗಿ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡು ಹತ್ತು ನಿಮಿಷ ತಡವಾದರೆ ನಮ್ಮ ಪಾಲಿನ ಬೆಳಕು ಅರ್ಧ ಖಾಲಿ.

ಊರಿಂದ ಊರಿಗೆ ಹೊತ್ತೂ ಬೇರೆ. ದೇಶಕ್ಕೆಲ್ಲ ಒಂದೇ ಗಡಿಯಾರ, ಆದರೆ ಮುಂಬೈ ಪಶ್ಚಿಮದ ತುದಿಯಲ್ಲಿದೆ. ಜೂನ್ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗೋದು 7:15 ದಾಟಿದ ಮೇಲೆ, ಚೆನ್ನೈನಲ್ಲಿ 6:40ರ ಆಸುಪಾಸು. ದಿಲ್ಲಿಯಲ್ಲಿ ಡಿಸೆಂಬರ್ ಬಂತು ಅಂದರೆ 5:30ಕ್ಕೇ ಕತ್ತಲೆಯ ಮುಖ. ಆದರೆ ದಿಲ್ಲಿಯವರಿಗೆ ಒಂದು ಲಾಭ ಇದೆ. ಡಿಸೆಂಬರ್‌ನಲ್ಲಿ ಅಲ್ಲಿ ನಡುಮಧ್ಯಾಹ್ನವೂ ಸೂರ್ಯ 40 ಡಿಗ್ರಿಗಿಂತ ಮೇಲೆ ಹೋಗಲ್ಲ. ಮಧ್ಯಾಹ್ನ 3 ಗಂಟೆಗೆ ಲೋಧಿ ಗಾರ್ಡನ್‌ಗೆ ಹೋದರೂ ಬಿಸಿಲು ಓರೆಯಾಗೇ ಇರುತ್ತೆ, ಹಿರಿಯರು ಶಾಲು ಹೊದ್ದು ನಡುಗೋದೂ ತಪ್ಪುತ್ತೆ.

ಸಮುದ್ರದ ಕಡೆ ಹೋಗೋರು ದಿಕ್ಕು ನೋಡ್ಕೊಳ್ಳಿ. ಮುಂಬೈನ ಜುಹು ಪಶ್ಚಿಮಕ್ಕೆ ಮುಖ ಮಾಡಿದೆ. ಸಂಜೆ ಸಮುದ್ರಕ್ಕೆ ಬೆನ್ನು ಹಾಕಿ ನಿಲ್ಲಿಸಿದರೆ ಆಕಾಶ ಚೆಂದ ಬರುತ್ತೆ, ಅಪ್ಪ ಅಮ್ಮ ಕಪ್ಪು ನೆರಳಾಗಿ ಬರ್ತಾರೆ. ಅವರನ್ನ ದಡದ ಉದ್ದಕ್ಕೆ ತಿರುಗಿಸಿ, ಬೆಳಕು ಕೆನ್ನೆಯ ಒಂದು ಕಡೆಯಿಂದ ಬೀಳಲಿ. ಇಲ್ಲಾಂದರೆ ಸೂರ್ಯ ಮುಳುಗಿದ ಮೇಲೆ ಏಳೆಂಟು ನಿಮಿಷ ಕಾಯಿರಿ. ಚೆನ್ನೈನ ಬೆಸೆಂಟ್ ನಗರದ ಬೀಚ್ ಇದಕ್ಕೆ ಪೂರ್ತಿ ಉಲ್ಟಾ, ಅದು ಪೂರ್ವದ ಕಡೆಗಿದೆ. ಸಂಜೆ ಸೂರ್ಯ ಕಟ್ಟಡಗಳ ಹಿಂದೆ ಸರಿದ ಮೇಲೆ ಸಮುದ್ರಕ್ಕೆ ಬೆನ್ನು ಹಾಕಿ ನಿಂತವರ ಮುಖಕ್ಕೆ ತಂಪಾದ, ಮೆತ್ತನೆ ಬೆಳಕು ಸಿಗುತ್ತೆ. ಜನಜಂಗುಳಿ ಬೇಡ ಅನ್ನೋರು ಬೆಳಗ್ಗೆ ಹೋಗಿ. ನಮ್ಮ ಹಿರಿಯರು ಹೇಗೂ ಐದು ಗಂಟೆಗೇ ಎದ್ದು ಕಾಫಿಗೆ ಕಾಯ್ತಾ ಕೂತಿರ್ತಾರೆ.

ಈಗ ಮುಖ್ಯ ವಿಷಯ. ನಾನು ಭಾನುವಾರ ಬೆಳಗ್ಗೆ ಪುಣೆಯ ವೇತಾಳ ಟೇಕಡಿ ಮೇಲೆ ನಾಲ್ಕೈದು ಜನಕ್ಕೆ ಫೋಟೋ ಕಲಿಸ್ತೀನಿ. ಮೊದಲ ಅರ್ಧ ಗಂಟೆ ಕ್ಯಾಮೆರಾ ಬ್ಯಾಗಿನಿಂದ ಹೊರಗೆ ಬರೋ ಹಾಗಿಲ್ಲ. ಇಬ್ಬಿಬ್ಬರು ಎದುರುಬದುರು ನಿಂತು, ಒಬ್ಬರು ನಿಂತಲ್ಲೇ ನಿಧಾನಕ್ಕೆ ಒಂದು ಸುತ್ತು ಸುತ್ತಬೇಕು. ಇನ್ನೊಬ್ಬರು ಕಣ್ಣನ್ನ ಮಾತ್ರ ನೋಡಬೇಕು. ಒಂದು ದಿಕ್ಕಿಗೆ ಬಂದಾಗ ಕಣ್ಣಗುಡ್ಡೆಯಲ್ಲಿ ಒಂದು ಬಿಳಿ ಚುಕ್ಕಿ ಮಿನುಗುತ್ತೆ, ಕಣ್ಣಿನ ಕೆಳಗಿನ ಕಪ್ಪು ಕಡಿಮೆ ಆಗುತ್ತೆ. ಇನ್ನೊಂದು ದಿಕ್ಕಿಗೆ ತಿರುಗಿದರೆ ಅದೇ ಮುಖ ಹತ್ತು ವರ್ಷ ವಯಸ್ಸಾದ ಹಾಗೆ ಕಾಣುತ್ತೆ. ಜಾಗ ಅದೇ, ಹೊತ್ತು ಅದೇ, ಬದಲಾಗಿದ್ದು ತಿರುಗಿ ನಿಂತ ದಿಕ್ಕು ಅಷ್ಟೇ. ಇದನ್ನ ಕಣ್ಣಾರೆ ನೋಡಿದವರಿಗೆ ಆಮೇಲೆ ನಾನು ಬೆಳಕಿನ ಬಗ್ಗೆ ಭಾಷಣ ಮಾಡೋ ಅಗತ್ಯ ಬೀಳಲ್ಲ. ಮನೆಯ ಬಾಲ್ಕನಿಯಲ್ಲೂ ಮಾಡಿ ನೋಡಬಹುದು.

ಬಿಸಿಲು ಜೋರಿದ್ದರೆ ದೊಡ್ಡ ಕಟ್ಟಡದ ನೆರಳಿಗೆ ಕರ್ಕೊಂಡು ಹೋಗಿ, ನೆರಳಿನ ಅಂಚಿಗೆ ತಂದು, ಮುಖ ಬಯಲಿನ ಕಡೆ ಇರೋ ಹಾಗೆ ನಿಲ್ಲಿಸಿ. ಮರದ ಕೆಳಗೆ ಬೇಡ. ಎಲೆ ಸಂದಿಯಿಂದ ಇಳಿದ ಬಿಸಿಲು ಮುಖದ ಮೇಲೆ ಚಿರತೆ ಮಚ್ಚೆ ಥರ ಕೂರುತ್ತೆ, ಅದನ್ನ ಯಾವ ಆ್ಯಪ್‌ನಿಂದಲೂ ನೀಟಾಗಿ ತೆಗೆಯೋಕೆ ಆಗಲ್ಲ. ಹುಲ್ಲುಹಾಸಿನ ಮೇಲೆ ನಿಲ್ಲಿಸಿದರೆ ಗಲ್ಲದ ಕೆಳಗೆ ಹಸಿರು ಛಾಯೆ ಬರುತ್ತೆ. ಕಲ್ಲುಹಾಸು, ಮಣ್ಣಿನ ದಾರಿ ವಾಸಿ. ರಿಫ್ಲೆಕ್ಟರ್ ಅಂತ ದುಡ್ಡು ಹಾಕಬೇಡಿ, ಸ್ಟೇಷನರಿ ಅಂಗಡಿಯ ಥರ್ಮೋಕೋಲ್ ಹಾಳೆ ಅದೇ ಕೆಲಸ ಮಾಡುತ್ತೆ. ಅದೂ ಇಲ್ಲದಿದ್ದರೆ ಬಿಳಿ ಪಂಚೆ ಹಿಡ್ಕೊಂಡು ಒಬ್ಬರು ಪಕ್ಕದಲ್ಲಿ ನಿಲ್ಲಲಿ.

ಕನ್ನಡಕದ ಬಗ್ಗೆ ಬಹಳ ಜನ ಕೇಳಿದ್ದೀರಿ. ಹೊಳಪು ಬಂದರೆ ಗಲ್ಲ ಒಂದು ಚೂರು ಇಳಿಸೋಕೆ ಹೇಳಿ, ಇಲ್ಲವೇ ಕನ್ನಡಕದ ಕಡ್ಡಿಯನ್ನ ಕಿವಿಯ ಮೇಲೆ ತುಸು ಎತ್ತಿ ಕೂರಿಸಿ. ಗಾಜು ಕೆಳಗೆ ಬಾಗಿದರೆ ಆಕಾಶದ ಪ್ರತಿಬಿಂಬ ಹೋಗುತ್ತೆ. ಬಿಸಿಲಿಗೆ ಕಪ್ಪಾಗೋ ಗಾಜಿನ ಕನ್ನಡಕ ಇದ್ದರೆ ಅದು ನೆರಳಿನಲ್ಲೂ ಹೊರಗಡೆ ಅಷ್ಟಿಷ್ಟು ಕಪ್ಪಾಗೇ ಇರುತ್ತೆ. ಹಳೇ ಕನ್ನಡಕ ಜೊತೆಗೆ ತರೋಕೆ ಹೇಳಿ.

ಬೆಳಕು ಸರಿ ಹೋಯ್ತು. ಇನ್ನು ಜನ. ನನ್ನ ಪ್ರಕಾರ ಕಷ್ಟ ಇರೋದು ಇಲ್ಲೇ.

ನಮ್ಮ ಅಪ್ಪ ಅಮ್ಮಂದಿರು ಕ್ಯಾಮೆರಾ ಕಂಡ ಕೂಡಲೇ ಉಸಿರು ಹಿಡಿದು, ಕೈ ಇಳಿಬಿಟ್ಟು, ಕಂಬದ ಹಾಗೆ ನಿಲ್ತಾರೆ. ನಗು ಬರಲ್ಲ ಅಂತ ನಾವು ರೇಗ್ತೀವಿ. ಅವರು ಕಲಿತಿದ್ದೇ ಹಾಗೆ. ರೋಲ್ ಫಿಲ್ಮಿನಲ್ಲಿ 36 ಫೋಟೋ, ಒಂದೊಂದಕ್ಕೂ ದುಡ್ಡು. ಸ್ಟುಡಿಯೋದವರು ‘ಅಲುಗಾಡಬೇಡಿ’ ಅಂದರೆ ಅಲುಗಾಡಬಾರದು. ಫೋಟೋ ಅಂದರೆ ಅವರಿಗೆ ಒಂದು ಮರ್ಯಾದೆಯ ಸಂದರ್ಭ. ಅದನ್ನ ಗೇಲಿ ಮಾಡದೆ ಮೊದಲ ನಾಲ್ಕು ಫೋಟೋ ಹಾಗೇ, ಅವರಿಗೆ ಬೇಕಾದ ಹಾಗೇ ತೆಗೀರಿ. ‘ಆಯ್ತು, ಚೆನ್ನಾಗಿ ಬಂತು’ ಅಂತ ಹೇಳಿ. ಹೆಗಲು ಆಗ ಇಳಿಯುತ್ತೆ.

ಇಂಟರ್ನೆಟ್ಟಿನಲ್ಲಿ ಜೋಡಿ ಫೋಟೋಗೆ ಅಂತ ಸಿಗೋ ಪೋಸುಗಳೆಲ್ಲ ಪ್ರೀ-ವೆಡ್ಡಿಂಗ್‌ನವು. ಹಣೆಗೆ ಹಣೆ ತಾಗಿಸಿ, ಸೊಂಟ ಹಿಡಿಯಿರಿ, ಹಿಂದಿನಿಂದ ತಬ್ಬಿಕೊಳ್ಳಿ. ಹೊಸ ಜೋಡಿಗೆ ಅದು ಒಪ್ಪಬಹುದು. 40 ವರ್ಷ ಸಂಸಾರ ಮಾಡಿ ಒಂದು ದಿನವೂ ಬೀದಿಯಲ್ಲಿ ಕೈ ಹಿಡಿಯದ ದಂಪತಿಗೆ ‘ಅಂಕಲ್, ಹೆಗಲ ಮೇಲೆ ಕೈ ಹಾಕಿ’ ಅಂದರೆ ಅಮ್ಮ ನಾಚಿಕೊಳ್ತಾರೆ, ಅಪ್ಪ ಸಿಟ್ಟಾಗ್ತಾರೆ. ಅವರ ನಡುವೆ ಸಲಿಗೆ ಇಲ್ಲ ಅಂತ ಅದರರ್ಥ ಅಲ್ಲವಲ್ಲ. ಅದು ಬೇರೆ ಕಡೆ ಇದೆ. ಅಪ್ಪನ ಕಾಲರ್ ಮಡಚಿಕೊಂಡಿದ್ದರೆ ಅಮ್ಮನ ಕೈ ತಾನಾಗೇ ಹೋಗುತ್ತೆ. ಮೆಟ್ಟಿಲು ಇಳಿಯುವಾಗ ಅಪ್ಪ ಅರ್ಧ ಹೆಜ್ಜೆ ಮುಂದೆ ಹೋಗಿ ನಿಂತು ತಿರುಗಿ ನೋಡ್ತಾರೆ. ಅಮ್ಮನ ವ್ಯಾನಿಟಿ ಬ್ಯಾಗ್ ಎಷ್ಟೋ ಹೊತ್ತು ಅಪ್ಪನ ಕೈಯಲ್ಲೇ ಇರುತ್ತೆ.

ಹಾಗಾಗಿ ಪೋಸ್ ಹೇಳಬೇಡಿ, ಕೆಲಸ ಹೇಳಿ. ‘ಅಮ್ಮಾ, ಅಪ್ಪನ ಶರ್ಟ್ ಸರಿ ಇದೆಯಾ ನೋಡು.’ ‘ಇಬ್ಬರೂ ಆ ಕಲ್ಲಿನ ತನಕ ನಡೆದು ಬನ್ನಿ.’ ‘ಬರೋವಾಗ ರೈಲಿನಲ್ಲಿ ಯಾರೋ ಜಗಳ ತೆಗೆದ್ರಂತಲ್ಲ, ಏನದು?’ ಒಬ್ಬರು ಕಥೆ ಶುರು ಮಾಡ್ತಾರೆ, ಇನ್ನೊಬ್ಬರು ‘ಹಾಗಲ್ಲ ಅದು’ ಅಂತ ತಿದ್ದುತ್ತಾರೆ. ಆ ತಿದ್ದೋ ಕ್ಷಣದಲ್ಲಿ ಇಬ್ಬರ ಮುಖದಲ್ಲೂ ಏನಿರುತ್ತೋ ಅದು ಯಾವ ಪೋಸಿನಲ್ಲೂ ಸಿಗಲ್ಲ. ಮೊಮ್ಮಕ್ಕಳಿದ್ದರೆ ಇನ್ನೂ ಸುಲಭ. ಮಗುವಿನ ಶೂ ಲೇಸ್ ಬಿಚ್ಚಿಟ್ಟು ಅಜ್ಜನಿಗೆ ಕಟ್ಟೋಕೆ ಹೇಳಿ, ಸಾಕು.

ಇನ್ನೊಂದು, ಇದಕ್ಕೇ ಸೇರಿದ್ದು: ಭಾಷೆ. ಈ ಊರುಗಳಲ್ಲಿ ಫೋಟೋಗ್ರಾಫರನ್ನ ಕರೆಸಿದರೆ ಅವರು ಮರಾಠಿಯಲ್ಲೋ ಹಿಂದಿಯಲ್ಲೋ ತಮಿಳಿನಲ್ಲೋ ಕೂಗ್ತಾರೆ. ಹಿರಿಯರಿಗೆ ಅರ್ಥ ಆಗಲ್ಲ, ಮಗನ ಮುಖ ನೋಡ್ತಾರೆ, ಕಣ್ಣಲ್ಲಿ ಗಾಬರಿ ಕೂತುಬಿಡುತ್ತೆ. ಅವರ ಕೈಗೆ ಕ್ಯಾಮೆರಾ ಕೊಡಿ, ಮಾತು ನಿಮ್ಮದಿರಲಿ. ಕ್ಯಾಮೆರಾದ ಪಕ್ಕದಲ್ಲೇ ನಿಂತು ನಿಮ್ಮ ಮನೆಯ ಕನ್ನಡದಲ್ಲೇ ಮಾತಾಡಿ. ‘ಯವ್ವಾ, ಇಕಡೆ ನೋಡ’ ಅನ್ನೋ ಮನೆಯಲ್ಲಿ ‘ಅಮ್ಮ, ಇಲ್ಲಿ ನೋಡಿ’ ಅಂದರೆ ಆ ಕಣ್ಣು ಬರಲ್ಲ.

ಬಣ್ಣದ ಮಾತು ಬಿಡೋ ಹಾಗಿಲ್ಲ. ‘ಸ್ವಲ್ಪ ಬೆಳ್ಳಗೆ ಮಾಡಪ್ಪಾ’ ಅನ್ನೋದು ಈ ಕೆಲಸದಲ್ಲಿ ನಾನು ಅತಿ ಹೆಚ್ಚು ಕೇಳಿರೋ ಮಾತು. ಕ್ಯಾಮೆರಾ ಲೋಕಕ್ಕೂ ಈ ರೋಗ ಹಳೇದು. ಕೊಡಾಕ್ ಕಂಪನಿ ಲ್ಯಾಬುಗಳಿಗೆ ಬಣ್ಣ ಹೊಂದಿಸೋಕೆ ಕಳಿಸ್ತಿದ್ದ ‘ಶರ್ಲಿ ಕಾರ್ಡ್’ ಮೇಲೆ ದಶಕಗಳ ಕಾಲ ಇದ್ದದ್ದು ಬಿಳಿ ಹೆಂಗಸಿನ ಚಿತ್ರ, ಅಳತೆಗೋಲೇ ಅದು. ಇವತ್ತು ಫೋನಿನ ಬ್ಯೂಟಿ ಮೋಡ್ ಕೇಳದೇನೇ ಚರ್ಮ ಬಿಳಿ ಮಾಡಿ, ಸುಕ್ಕು ಒರೆಸಿಬಿಡುತ್ತೆ. ಅದನ್ನ ಮೊದಲು ಆಫ್ ಮಾಡಿ. ಅಪ್ಪ ಎಣ್ಣೆಗಪ್ಪು, ಅಮ್ಮ ಗೋಧಿ ಬಣ್ಣ ಇದ್ದರೆ ಅಪ್ಪನನ್ನ ಬೆಳಕು ಬರೋ ಕಡೆಗೆ ಒಂದು ಹೆಜ್ಜೆ ಹತ್ತಿರ ನಿಲ್ಲಿಸಿ, ಇಬ್ಬರೂ ಅವರವರ ಬಣ್ಣದಲ್ಲೇ ಚೆನ್ನಾಗಿ ಕಾಣ್ತಾರೆ. ಕಪ್ಪು ಚರ್ಮಕ್ಕೆ ಎದುರಿನಿಂದ ಹೊಡೆಯೋ ಬಿಸಿಲಿಗಿಂತ ಪಕ್ಕದಿಂದ ಬರೋ ಮೆತ್ತನೆ ಬೆಳಕು ಒಳ್ಳೇದು, ಕೆನ್ನೆ ಮೇಲೆ ಹೊಳಪು ನಿಲ್ಲುತ್ತೆ.

ಸರಿ, ಸೆಟ್ಟಿಂಗ್. ಫೋನಿನ ಮುಖ್ಯ ಕ್ಯಾಮೆರಾ ಅಗಲದ ನೋಟದ್ದು, ಹತ್ತಿರ ಹೋದರೆ ಮೂಗು ದಪ್ಪ, ಅಂಚಿನಲ್ಲಿ ನಿಂತವರು ಊದಿಕೊಂಡ ಹಾಗೆ ಬರ್ತಾರೆ. 2ಎಕ್ಸ್ ಅಥವಾ 3ಎಕ್ಸ್‌ಗೆ ಹಾಕಿ ನೀವು ಹಿಂದಕ್ಕೆ ಸರಿಯಿರಿ. ಪೋರ್ಟ್ರೇಟ್ ಮೋಡ್ ಅಮ್ಮನ ಮುಡಿಯ ಮಲ್ಲಿಗೆಯನ್ನೂ ಕನ್ನಡಕದ ಕಡ್ಡಿಯನ್ನೂ ಆಗಾಗ ತಿಂದುಹಾಕುತ್ತೆ, ಅದಿಲ್ಲದೆಯೂ ನಾಲ್ಕು ತೆಗೆದಿಟ್ಟುಕೊಳ್ಳಿ. ಕ್ಯಾಮೆರಾ ಇರೋರು: ಇಬ್ಬರೇ ಇದ್ದರೆ 85 ಎಂಎಂ ಆಸುಪಾಸು, ಎಫ್/2.8 ಇಂದ 4. ಎರಡು ಸಾಲು ಜನ ಇದ್ದರೆ ಎಫ್/5.6ಕ್ಕೆ ಕಡಿಮೆ ಬೇಡ, ಹಿಂದಿನ ಸಾಲಿನ ದೊಡ್ಡಪ್ಪ ಮಸುಕಾಗ್ತಾರೆ. ಶಟರ್ 1/250, ಮಕ್ಕಳು ಓಡ್ತಿದ್ದರೆ 1/500. ಬಿಳಿ ಪಂಚೆ ಬಿಳಿ ಶರ್ಟ್ ಇದ್ದರೆ ಕ್ಯಾಮೆರಾ ಮೋಸ ಹೋಗಿ ಫೋಟೋ ಕಪ್ಪಾಗಿಸುತ್ತೆ, ಎಕ್ಸ್‌ಪೋಷರ್ ಮುಕ್ಕಾಲು ಸ್ಟಾಪ್ ಏರಿಸಿ. ಫೋನಿನಲ್ಲಾದರೆ ಮುಖದ ಮೇಲೆ ಒತ್ತಿ, ಸೂರ್ಯನ ಗುರುತನ್ನ ಬೇಕಾದಷ್ಟು ಸರಿಸಿ.

ಜಾಗಕ್ಕೆ ಹೋಗೋ ಮುಂಚೆ ಒಂದು ಫೋನ್ ಮಾಡಿ ಕೇಳಿ. ಕೆಲವು ಪಾರ್ಕುಗಳಲ್ಲಿ ಫೋನಿಗೆ ಏನೂ ಅನ್ನಲ್ಲ, ದೊಡ್ಡ ಕ್ಯಾಮೆರಾ ಕಂಡರೆ ವಾಚ್‌ಮನ್ ಸೀಟಿ ಊದ್ತಾರೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಅನುಮತಿ ಬೇಕು. ಹಿರಿಯರ ಮುಂದೆ ಗೇಟಿನಲ್ಲಿ ವಾದ ಮಾಡ್ತಾ ನಿಂತರೆ ಆ ಸಂಜೆ ಅಲ್ಲಿಗೇ ಕೆಟ್ಟಿತು.

ಮನೆಗೆ ಬಂದ ಮೇಲೆ ಆರು ಫೋಟೋ ಆರಿಸಿ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಅದು ಫೋಟೋವನ್ನ ಕುಗ್ಗಿಸುತ್ತೆ, ತಂಗಿಗೋ ಅಣ್ಣನಿಗೋ ಕಳಿಸುವಾಗ ಡಾಕ್ಯುಮೆಂಟ್ ಅಂತ ಕಳಿಸಿ. ಒಂದನ್ನ 8x12 ಇಂಚಿಗೆ ಮ್ಯಾಟ್ ಪೇಪರಿನಲ್ಲಿ ಪ್ರಿಂಟ್ ಹಾಕಿಸಿ, ಅವರು ವಾಪಸ್ ರೈಲು ಹತ್ತೋ ಮುಂಚೆ ಕೈಗೆ ಕೊಡಿ. ಹಿಂದೆ ಪೆನ್ಸಿಲ್ಲಿನಲ್ಲಿ ತಾರೀಖು, ಊರು ಬರೆದಿರಿ. ಬಾಲ್‌ಪೆನ್ ಬೇಡ, ಮುಂದಿನ ಕಡೆ ಅಚ್ಚು ಮೂಡುತ್ತೆ.