ಫುಡ್ ಪ್ಯಾಂಟ್ರಿ: ಮಿಕ್ಕ ದಿನಸಿ ಹಸಿದ ಮನೆ ಸೇರುವ ದಾರಿ

ಅಮೆರಿಕದಲ್ಲಿ ಚರ್ಚಿನ ನೆಲಮಾಳಿಗೆ, ಶಾಲೆಯ ಖಾಲಿ ಕೋಣೆ, ಸಮುದಾಯ ಭವನದ ಮೂಲೆ ಇಂಥ ಜಾಗಗಳಲ್ಲಿ ವಾರಕ್ಕೊಂದೆರಡು ದಿನ ಪುಕ್ಕಟೆ ದಿನಸಿ ಹಂಚುತ್ತಾರೆ. ಇದಕ್ಕೆ ಫುಡ್ ಪ್ಯಾಂಟ್ರಿ ಎಂದು ಹೆಸರು. ಇಲ್ಲಿ ಬೇಯಿಸಿದ ಊಟ ಸಿಗುವುದಿಲ್ಲ. ಅದಕ್ಕೆ ಸೂಪ್ ಕಿಚನ್‌ಗಳು ಬೇರೆ ಇವೆ. ಪ್ಯಾಂಟ್ರಿಗೆ ಬಂದವರು ಅಕ್ಕಿ, ಪಾಸ್ತಾ, ಡಬ್ಬಿಯ ಬೀನ್ಸ್, ಪೀನಟ್ ಬಟರ್, ಸಿಕ್ಕಿದರೆ ಹಾಲು, ತರಕಾರಿಗಳನ್ನು ಮನೆಗೆ ಒಯ್ದು ಅಡುಗೆ ಮಾಡಿಕೊಳ್ಳುತ್ತಾರೆ. ನೋಡಲು ನಮ್ಮ ನ್ಯಾಯಬೆಲೆ ಅಂಗಡಿಯ ಹಾಗೆ ಕಂಡರೂ ಕಾರ್ಡಿಗೆ ಇಷ್ಟು ಕಿಲೋ ಎಂಬ ಹಕ್ಕು ಅಲ್ಲಿ ಯಾರಿಗೂ ಇಲ್ಲ. ಆ ವಾರ ಏನು ಬಂದಿದೆಯೋ ಅದೇ ಗತಿ.

ಅಷ್ಟು ಸಿರಿವಂತ ದೇಶದಲ್ಲಿ ಇದರ ಅಗತ್ಯವೇನು ಎಂಬ ಪ್ರಶ್ನೆಗೆ ಆ ದೇಶದ ಕೃಷಿ ಇಲಾಖೆಯ ಅಂಕಿಅಂಶವೇ ಉತ್ತರ. 2023ರಲ್ಲಿ ನೂರಕ್ಕೆ 13.5 ಮನೆಗಳಿಗೆ ವರ್ಷದ ಯಾವುದೋ ಹೊತ್ತಿನಲ್ಲಿ ಸಾಕಷ್ಟು ಆಹಾರದ ಭರವಸೆ ಇರಲಿಲ್ಲ. ಆ ಮನೆಗಳಲ್ಲಿದ್ದವರು 4.74 ಕೋಟಿ ಜನ. ಅವರೆಲ್ಲ ಕೆಲಸವಿಲ್ಲದವರೂ ಅಲ್ಲ, ಸೂರಿಲ್ಲದವರೂ ಅಲ್ಲ. ಮನೆ ಬಾಡಿಗೆ, ಆಸ್ಪತ್ರೆ ಬಿಲ್ಲು, ಕಾರಿನ ರಿಪೇರಿ ಇವನ್ನು ಮುಂದೂಡಲು ಬರುವುದಿಲ್ಲ. ಕೈ ಬಿಗಿಯಾದಾಗ ಕತ್ತರಿ ಬೀಳುವುದು ಊಟದ ಖರ್ಚಿಗೇ.

ಈಗಿನ ಪ್ಯಾಂಟ್ರಿಗಳ ಹಿಂದಿರುವ ವ್ಯವಸ್ಥೆ ಹುಟ್ಟಿದ್ದು ಅರಿಜೋನಾ ರಾಜ್ಯದ ಫೀನಿಕ್ಸ್‌ನಲ್ಲಿ, 1967ರಲ್ಲಿ. ಜಾನ್ ವ್ಯಾನ್ ಹೆಂಗೆಲ್ ಎಂಬಾತ ಬಡವರ ಊಟದ ಮನೆಯೊಂದಕ್ಕಾಗಿ ತೋಟಗಳಲ್ಲಿ ಕೊಯ್ಯದೆ ಬಿಟ್ಟ ಕಿತ್ತಳೆ, ನಿಂಬೆ ಜಾತಿಯ ಹಣ್ಣುಗಳನ್ನು ಕೂಡಿಸಿ ತರುತ್ತಿದ್ದ. ಅಲ್ಲಿಗೆ ಬರುತ್ತಿದ್ದ, ಹಲವು ಮಕ್ಕಳ ತಾಯಿಯೊಬ್ಬಳು ತಾನು ಸಂಸಾರ ಸಾಕುತ್ತಿರುವುದು ದಿನಸಿ ಅಂಗಡಿಯ ಹಿಂದಿನ ಕಸದ ತೊಟ್ಟಿಯಿಂದ ಎಂದಳಂತೆ. ಬ್ಯಾಂಕಿನಲ್ಲಿ ದುಡ್ಡು ಇಟ್ಟು ತೆಗೆಯುವ ಹಾಗೆ ಆಹಾರಕ್ಕೂ ಒಂದು ಜಾಗ ಬೇಕು ಎಂಬ ಮಾತೂ ಅವಳದೇ ಎಂದು ವ್ಯಾನ್ ಹೆಂಗೆಲ್ ಹೇಳುತ್ತಿದ್ದ. ಊರಿನ ಸೇಂಟ್ ಮೇರಿ ಚರ್ಚು ಪಾಳುಬಿದ್ದ ಬೇಕರಿ ಕಟ್ಟಡವನ್ನೂ 3,000 ಡಾಲರನ್ನೂ ಕೊಟ್ಟಿತು. ಹಾಗೆ ಶುರುವಾದ ಸೇಂಟ್ ಮೇರೀಸ್ ಫುಡ್ ಬ್ಯಾಂಕ್ ಮೊದಲ ವರ್ಷವೇ ಒಂದು ಲಕ್ಷ ಕಿಲೋಗೂ ಹೆಚ್ಚು ಆಹಾರವನ್ನು ಹಂಚಿತು. ದಾನ ಕೊಟ್ಟ ಕಂಪನಿಗಳಿಗೆ 1976ರ ಕಾನೂನು ತೆರಿಗೆಯಲ್ಲಿ ಹೆಚ್ಚಿನ ರಿಯಾಯಿತಿ ಕೊಟ್ಟ ಮೇಲೆ ಊರೂರಿಗೆ ಇಂಥ ಬ್ಯಾಂಕುಗಳು ಹಬ್ಬಿದವು. 1979ರಲ್ಲಿ ಅವುಗಳ ರಾಷ್ಟ್ರೀಯ ಜಾಲ ರೂಪುಗೊಂಡಿತು. ಅದರ ಈಗಿನ ಹೆಸರು ಫೀಡಿಂಗ್ ಅಮೆರಿಕ.

ಫುಡ್ ಬ್ಯಾಂಕ್ ಬೇರೆ, ಪ್ಯಾಂಟ್ರಿ ಬೇರೆ. ಬ್ಯಾಂಕ್ ಎಂದರೆ ಸಗಟು ಗೋದಾಮು. ಫೀಡಿಂಗ್ ಅಮೆರಿಕ ಜಾಲದಲ್ಲಿ ಅಂಥವು ಸುಮಾರು 200 ಇದ್ದು, ಅವುಗಳಿಂದ ಸರಕು ಪಡೆಯುವ ಪ್ಯಾಂಟ್ರಿ, ಊಟದ ಕೇಂದ್ರಗಳು 60,000ದಷ್ಟಿವೆ. ಗೋದಾಮಿಗೆ ಸರಕು ಬರುವುದು ಸೂಪರ್ ಮಾರ್ಕೆಟ್, ಕಾರ್ಖಾನೆ, ಹೊಲಗಳಿಂದ: ಲೇಬಲ್ ತಪ್ಪಾಗಿ ಅಂಟಿದ್ದು, ಡಬ್ಬಿ ನೆಗ್ಗಿದ್ದು, ಮಾರಾಟವಾಗದೆ ಉಳಿದದ್ದು, ಡಬ್ಬಿಯ ಮೇಲಿನ ತಾರೀಖು ಹತ್ತಿರ ಬಂದದ್ದು. ಆ ತಾರೀಖು ಹೆಚ್ಚಿನ ಪದಾರ್ಥಗಳಲ್ಲಿ ರುಚಿ, ತಾಜಾತನದ ಅಂದಾಜೇ ಹೊರತು ತಿಂದರೆ ಅಪಾಯ ಎಂಬ ಗಡಿಯಲ್ಲ. ಒಳ್ಳೆಯ ಮನಸ್ಸಿನಿಂದ ಕೊಟ್ಟ ಆಹಾರದಿಂದ ತೊಂದರೆಯಾಯಿತೆಂದು ದಾನಿಯ ಮೇಲೆ ಸುಲಭಕ್ಕೆ ದಾವೆ ಹೂಡದಂತೆ 1996ರಲ್ಲಿ ಒಂದು ಕಾನೂನೂ ಬಂತು. ದಾನದ ಸರಕಿನ ಜೊತೆಗೆ ಸರ್ಕಾರವೂ ರೈತರಿಂದ ಕೊಂಡ ಸರಕನ್ನು ಕಳಿಸುತ್ತದೆ. ಆ ಪರಿಪಾಠದ ಮೂಲ ತಮಾಷೆಯದು. 1981ರ ಹೊತ್ತಿಗೆ ಹಾಲಿನ ಬೆಲೆ ಕುಸಿಯದಿರಲೆಂದು ಕೊಂಡು ಪೇರಿಸಿದ್ದ ಚೀಸ್ ಸರ್ಕಾರಿ ಉಗ್ರಾಣಗಳಲ್ಲಿ ಬೂಸ್ಟು ಹಿಡಿಯತೊಡಗಿತ್ತು. ಅಧ್ಯಕ್ಷ ರೇಗನ್ ಅದರಲ್ಲಿ ಮೂರು ಕೋಟಿ ಪೌಂಡನ್ನು ಬಡವರಿಗೆ ಹಂಚಲು ಆದೇಶಿಸಿದರು. ತಾತ್ಕಾಲಿಕವೆಂದು ಹೊರಟ ಯೋಜನೆ ಇಂದಿಗೂ ನಡೆಯುತ್ತಿದೆ.

ಹೀಗೆ ಪ್ಯಾಂಟ್ರಿಯ ಕಪಾಟು ತುಂಬುವುದು ಯಾರಿಗೋ ಬೇಡವಾದದ್ದರಿಂದ. ಹಸಿದ ಮನೆಗೆ ಬೇಕಾದದ್ದೂ ಅದೇ ಆಗಿರಬೇಕೆಂದೇನಿಲ್ಲ. ರಾಷ್ಟ್ರೀಯ ಜಾಲದಲ್ಲಿ ಈ ಎಡವಟ್ಟು ಎದ್ದು ಕಾಣುತ್ತಿತ್ತು. ಸರದಿ ಬಂದ ಫುಡ್ ಬ್ಯಾಂಕಿಗೆ ಇದ್ದ ಲೋಡನ್ನು ತೋರಿಸಿ, ತೆಗೆದುಕೊಳ್ಳುತ್ತೀರಾ ಎಂದು ಕೇಳುವುದು ಹಳೆಯ ಪದ್ಧತಿ. ಅದರಲ್ಲಿ ಆಲೂಗಡ್ಡೆ ಬೆಳೆಯುವ ಐಡಹೊ ರಾಜ್ಯಕ್ಕೇ ಆಲೂಗಡ್ಡೆಯ ಲಾರಿ ಹೊರಡುವಂಥ ಸಂದರ್ಭಗಳೂ ಬರುತ್ತಿದ್ದವು. 2005ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರ ನೆರವಿನಿಂದ ಹರಾಜು ಪದ್ಧತಿ ಬಂತು. ಅದರಲ್ಲಿ ನಿಜವಾದ ದುಡ್ಡಿಲ್ಲ. ಪ್ರತಿ ಬ್ಯಾಂಕಿಗೂ ಅದರ ಪ್ರದೇಶದ ಬಡವರ ಲೆಕ್ಕಕ್ಕೆ ತಕ್ಕಂತೆ ಷೇರು ಎಂಬ ಕಾಲ್ಪನಿಕ ಹಣ ಸಿಗುತ್ತದೆ. ಅದರಿಂದ ಬೇಕಾದ ಲೋಡಿಗೆ ಕೂಗಬೇಕು. ದಿನದಲ್ಲಿ ಖರ್ಚಾದ ಷೇರುಗಳು ರಾತ್ರಿ ಮತ್ತೆ ಎಲ್ಲರಿಗೂ ಹಂಚಿಹೋಗುತ್ತವೆ. ಬಡವರ ಅನ್ನಕ್ಕೆ ಹರಾಜೇ ಎಂದು ಫುಡ್ ಬ್ಯಾಂಕಿನವರಲ್ಲೇ ಕೆಲವರು ಮೊದಲು ಹುಬ್ಬುಗಂಟಿಕ್ಕಿದ್ದು ಸಹಜವೇ. ಆದರೆ ಯಾವುದಕ್ಕೆ ನಿಜವಾದ ಬೇಡಿಕೆ ಎಂಬುದು ಹರಾಜಿನಲ್ಲಿ ಬಯಲಾಯಿತು. ಸೀರಿಯಲ್, ಪಾಸ್ತಾ, ಪೀನಟ್ ಬಟರ್ ತುಟ್ಟಿಯಾದವು. ಬೇಗ ಕೆಡುವ ತರಕಾರಿ ಬಹುಮಟ್ಟಿಗೆ ಬಿಟ್ಟಿಗೇ ಹೋಯಿತು. ಕೆಲವು ಲೋಡುಗಳನ್ನು ಒಯ್ದವರಿಗೆ ಉಲ್ಟಾ ಷೇರು ಕೊಡಬೇಕಾಗಿ ಬಂತು.

ಇದೇ ತಿಳಿವಳಿಕೆ ನಿಧಾನವಾಗಿ ಪ್ಯಾಂಟ್ರಿಯೊಳಕ್ಕೂ ಬಂದಿದೆ. ಮೊದಲು ಎಲ್ಲರಿಗೂ ಒಂದೇ ನಮೂನೆಯ ಪೆಟ್ಟಿಗೆ ಕಟ್ಟಿಡುತ್ತಿದ್ದರು. ಸಕ್ಕರೆ ಕಾಯಿಲೆಯವರಿಗೆ ಸಿಹಿ ಹಣ್ಣಿನ ಡಬ್ಬಿ, ಒಲೆಯಿಲ್ಲದ ಮೋಟೆಲ್ ಕೋಣೆಯಲ್ಲಿರುವವರಿಗೆ ಒಣ ಬೀನ್ಸ್ ಹೋಗುತ್ತಿತ್ತು. ಈಗ ಬಹಳ ಕಡೆ ಅಂಗಡಿಯ ಹಾಗೆ ಕಪಾಟು ಜೋಡಿಸಿರುತ್ತಾರೆ. ಬಂದವರು ಹೆಸರು, ವಿಳಾಸ, ಮನೆಯಲ್ಲಿ ಎಷ್ಟು ಜನ ಎಂಬುದನ್ನು ಬರೆಸಿ, ತಮ್ಮ ಸರದಿ ಬಂದಾಗ ತಳ್ಳುಗಾಡಿ ಹಿಡಿದು ಒಳಗೆ ಹೋಗುತ್ತಾರೆ. ಮನೆಗೆ ಎರಡು ಡಬ್ಬಿ, ಮೂರು ಪೊಟ್ಟಣ ಎಂಬ ಚೀಟಿ ಕಪಾಟಿಗೆ ಅಂಟಿಸಿರುತ್ತದೆ. ಆ ಮಿತಿಯೊಳಗೆ ಆಯ್ಕೆ ಅವರದು. ಇನ್ನೊಂದು ಬಗೆಯಲ್ಲಿ ಬರೆಸುವುದೂ ಇಲ್ಲ, ಕೇಳುವುದೂ ಇಲ್ಲ. 2016ರಲ್ಲಿ ಅರ್ಕನ್ಸಾ ರಾಜ್ಯದ ಫೇಯೆಟ್‌ವಿಲ್‌ನಲ್ಲಿ ಶುರುವಾದ ಲಿಟ್ಲ್ ಫ್ರೀ ಪ್ಯಾಂಟ್ರಿ ರಸ್ತೆ ಬದಿಯ ಕಂಬದ ಮೇಲಿನ ಒಂದು ಪುಟ್ಟ ಪೆಟ್ಟಿಗೆ. ಇಡುವವರು ಇಡಬಹುದು, ಬೇಕಾದವರು ಯಾವ ಹೊತ್ತಿನಲ್ಲೂ ತೆಗೆದುಕೊಳ್ಳಬಹುದು.

ಈ ವ್ಯವಸ್ಥೆಯ ಮೇಲೆ ಆಕ್ಷೇಪಣೆಗಳೂ ಇವೆ. ಸಮಾಜಶಾಸ್ತ್ರಜ್ಞೆ ಜಾನೆಟ್ ಪಾಪೆಂಡೀಕ್ 1998ರ ತಮ್ಮ ‘ಸ್ವೀಟ್ ಚಾರಿಟಿ?’ ಪುಸ್ತಕದಲ್ಲಿ, ದಾನದ ಭರಾಟೆಯು ಹಸಿವಿನ ಬಗ್ಗೆ ಸಮಾಜಕ್ಕಿರಬೇಕಾದ ಚಡಪಡಿಕೆಯನ್ನು ತಣ್ಣಗಾಗಿಸಿ ಸರ್ಕಾರವನ್ನು ಹೊಣೆಯಿಂದ ಜಾರಿಕೊಳ್ಳಲು ಬಿಡುತ್ತದೆ ಎಂದು ವಾದಿಸಿದರು. ಇದನ್ನು ತಳ್ಳಿಹಾಕುವುದು ಕಷ್ಟ. ಹಾಗೆಂದು ಪ್ಯಾಂಟ್ರಿಗಳು ಬೇಡವೆನ್ನುವಂತೆಯೂ ಇಲ್ಲ. ಏಪ್ರಿಲ್ 2020ರಲ್ಲಿ ಕೊರೊನಾದಿಂದ ಕೆಲಸಗಳು ನಿಂತಾಗ ಟೆಕ್ಸಾಸಿನ ಸ್ಯಾನ್ ಆಂಟೋನಿಯೋದಲ್ಲಿ ಒಂದೇ ದಿನ ಸುಮಾರು 10,000 ಕುಟುಂಬಗಳು ಕಾರುಗಳಲ್ಲಿ ಸಾಲುಗಟ್ಟಿ ದಿನಸಿ ಒಯ್ದವು. ಅಂಥ ತುರ್ತಿಗೆ ಪ್ಯಾಂಟ್ರಿಗಳಷ್ಟು ಬೇಗ ಓಗೊಡುವ ಬೇರೆ ವ್ಯವಸ್ಥೆ ಕಡಿಮೆ. ಆದರೂ ದಿನನಿತ್ಯದ ಹಸಿವಿಗೆ ದೊಡ್ಡ ಆಸರೆ ಸ್ನ್ಯಾಪ್ ಎಂಬ ಸರ್ಕಾರಿ ಯೋಜನೆಯೇ. ಅದರಲ್ಲಿ ಅರ್ಹರ ಕಾರ್ಡಿಗೆ ತಿಂಗಳು ತಿಂಗಳು ಹಣ ಜಮೆಯಾಗಿ, ಅವರು ಸಾಮಾನ್ಯ ಅಂಗಡಿಯಲ್ಲೇ ದಿನಸಿ ಕೊಳ್ಳುತ್ತಾರೆ. ತನ್ನ ಜಾಲ ಒಂದು ಊಟ ಒದಗಿಸಿದರೆ ಸ್ನ್ಯಾಪ್ ಒಂಬತ್ತು ಒದಗಿಸುತ್ತದೆ ಎಂಬುದು ಫೀಡಿಂಗ್ ಅಮೆರಿಕದ್ದೇ ಲೆಕ್ಕ. ಕೇಂದ್ರ ಸರ್ಕಾರದ ಕೆಲಸ ಸ್ಥಗಿತಗೊಂಡು ನವೆಂಬರ್ 2025ರಲ್ಲಿ ಆ ಹಣ ತಡವಾದಾಗ ಪ್ಯಾಂಟ್ರಿಗಳ ಮುಂದೆ ಸಾಲು ಬೆಳೆಯಿತು. ಒಂಬತ್ತರ ಕೊರತೆಯನ್ನು ಒಂದರಿಂದ ತುಂಬುವುದು ಆಗದ ಮಾತು ಎಂದು ನಡೆಸುವವರೇ ಹೇಳುತ್ತಾರೆ.