ಕಾರವಾರಕ್ಕೆ ಹೊರಡುವ ಮುನ್ನ ಗಾಳಿಯನ್ನು ಕೇಳಿ

ಆಷಾಢದಲ್ಲಿ ಮನೋಳಿಯ ಬಯಲಿಗೆ ಬೀಸುವ ಗಾಳಿಗೆ ಸೈಕಲ್ ತುಳಿಯುವುದೂ ಕಷ್ಟ. ಸವದತ್ತಿ ಗುಡ್ಡಗಳ ಮೇಲಿನ ಗಾಳಿಯಂತ್ರಗಳಿಗೆ ಅದೇ ಸುಗ್ಗಿಯ ಕಾಲ. ಮೊಬೈಲಿನಲ್ಲಿ ಕೈಟ್ ಸರ್ಫಿಂಗ್ ನೋಡಿದ ಹುಡುಗರಿಗೆ ಸಹಜವಾಗಿ ಒಂದು ಯೋಚನೆ ಬರುತ್ತದೆ: ಇಲ್ಲೇ ಇಷ್ಟ ಗಾಳಿ ಐತಿ ಅಂದ್ರ ಕಾರವಾರದ ದಂಡಿಮ್ಯಾಗ ಎಷ್ಟ ಇರಬ್ಯಾಡ, ಜುಲೈದಾಗ ಹೋಗೋಣ.

ಗಾಳಿಯ ಮಟ್ಟಿಗೆ ಅವರ ಲೆಕ್ಕ ಸರಿ, ತಿಂಗಳ ಮಟ್ಟಿಗೆ ಅಪಾಯಕಾರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೊಮಾಲಿಯಾ ಕರಾವಳಿಯಿಂದ ಅರಬ್ಬಿ ಸಮುದ್ರವನ್ನು ದಾಟಿ ಭಾರತದತ್ತ ಗಾಳಿಯ ಒಂದು ರಭಸದ ಹೊಳೆ ಹರಿಯುತ್ತದೆ. ನೆಲದಿಂದ ಸುಮಾರು ಒಂದೂವರೆ ಕಿಲೊಮೀಟರ್ ಎತ್ತರದಲ್ಲಿ ಅದರ ವೇಗ ಅತಿ ಹೆಚ್ಚು. 1960ರ ದಶಕದ ಕೊನೆಗೆ ಅದನ್ನು ಗುರುತಿಸಿ ವಿವರಿಸಿದ ಬ್ರಿಟಿಷ್ ಹವಾಮಾನ ವಿಜ್ಞಾನಿ ಜಾನ್ ಫಿಂಡ್ಲೇಟರ್ ಹೆಸರಿನಲ್ಲೇ ಅದನ್ನು ಈಗಲೂ ಕರೆಯುತ್ತಾರೆ. ಮನೋಳಿಗೆ ಬರುವ ಆಷಾಢದ ಗಾಳಿ ಈ ಹೊಳೆಯ ಒಳನಾಡಿನ ಪಾಲು. ಕಡಲ ಮೇಲೆ ಅದೇ ಗಾಳಿ ಸಾವಿರಾರು ಕಿಲೊಮೀಟರ್ ಉದ್ದಕ್ಕೆ ನೀರನ್ನು ತಳ್ಳಿಕೊಂಡು ಬಂದು ಆಳೆತ್ತರದ ಅಲೆಗಳನ್ನು ನೇರ ದಂಡೆಗೇ ಅಪ್ಪಳಿಸುತ್ತದೆ. ಹೊಟ್ಟೆಪಾಡಿಗೆ ಕಡಲನ್ನೇ ನಂಬಿದವರ ಯಾಂತ್ರೀಕೃತ ದೋಣಿಗಳೂ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧದಿಂದಾಗಿ ನೀರಿಗಿಳಿಯುವುದಿಲ್ಲ. ದಾರಿಯೂ ಸುರಕ್ಷಿತವಲ್ಲ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಗಳು ಹೋದದ್ದು ಎಲ್ಲರಿಗೂ ನೆನಪಿರಬೇಕು. ಆದ್ದರಿಂದ ಈ ಪ್ರವಾಸದ ದಿನವನ್ನು ಕಾಲೇಜಿನ ರಜೆ ನೋಡಿ ಗೊತ್ತುಮಾಡುವಂತಿಲ್ಲ, ಗಾಳಿಯ ಪಂಚಾಂಗ ನೋಡಿಯೇ ಗೊತ್ತುಮಾಡಬೇಕು.

ಆ ಪಂಚಾಂಗವನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಕಾರವಾರದ ಎದುರಿನ ಕಡಲಲ್ಲೇ ಒಂದು ದೊಡ್ಡ ಸಾಕ್ಷಿಯಿದೆ. ಅಂಜದೀವ ದ್ವೀಪ ಆಡಳಿತದ ಲೆಕ್ಕದಲ್ಲಿ ಗೋವೆಗೆ ಸೇರಿದ್ದರೂ ಇರುವುದು ಕಾರವಾರದ ಮಗ್ಗುಲಲ್ಲಿ. 1498ರ ಏಪ್ರಿಲ್ 24ರಂದು ಆಫ್ರಿಕಾದ ಮಾಲಿಂದಿಯಿಂದ ಹೊರಟ ವಾಸ್ಕೊ ಡ ಗಾಮಾನ ಹಡಗುಗಳು ಅಲ್ಲಿನ ಅರಸ ಕೊಟ್ಟ ಅನುಭವಿ ಮಾರ್ಗದರ್ಶಿಯ ಜೊತೆ, ಮುಂಗಾರಿನ ಮುಂಚೂಣಿಯ ಗಾಳಿ ಹಿಡಿದು, 23 ದಿನಗಳಲ್ಲಿ ಈ ಸಮುದ್ರವನ್ನು ದಾಟಿದವು. ಮರಳುವಾಗ ಆತ ಅಂಜದೀವದಲ್ಲಿ ಹಡಗು ದುರಸ್ತಿ ಮಾಡಿಸಿಕೊಂಡು ಅಕ್ಟೋಬರ್ 5ರಂದು ಹೊರಟ. ನೈಋತ್ಯದ ಗಾಳಿ ಆಗಲೇ ಸತ್ತಿತ್ತು, ಈಶಾನ್ಯದ ಗಾಳಿ ಇನ್ನೂ ಹುಟ್ಟಿರಲಿಲ್ಲ. ಅದೇ ಕಡಲು ದಾಟಲು ಹತ್ತಿರ ಹತ್ತಿರ ಮೂರು ತಿಂಗಳು ಹಿಡಿಯಿತು. ತಾಜಾ ಹಣ್ಣು, ತರಕಾರಿ ಇಲ್ಲದೆ ವಸಡು ಬಾತು ಸ್ಕರ್ವಿ ರೋಗಕ್ಕೆ ಸುಮಾರು 30 ನಾವಿಕರು ಸತ್ತರು. ಮುಂದೆ ಆಳು ಸಾಲದೆ ಒಂದು ಹಡಗನ್ನು ಸುಟ್ಟುಹಾಕಬೇಕಾಯಿತು. ಈ ಕರಾವಳಿಯ ನಾವಿಕರು ಶತಮಾನಗಳಿಂದ ಪಾಲಿಸುತ್ತಿದ್ದ ಕ್ರಮ ಬೇರೆ: ಡಿಸೆಂಬರ್ ಸುಮಾರಿಗೆ ಈಶಾನ್ಯದ ಗಾಳಿ ನೆಲೆನಿಂತ ಮೇಲೆ ಪಶ್ಚಿಮಕ್ಕೆ ಹಾಯಿ ಬಿಚ್ಚುವುದು. ಎರಡು ತಿಂಗಳು ಕಾದಿದ್ದರೆ ಆ ಜನರಲ್ಲಿ ಬಹುಪಾಲು ಬದುಕುತ್ತಿದ್ದರು ಎಂದೇ ನನಗನ್ನಿಸುತ್ತದೆ.

ಹಾಯಿ ಹಡಗಿಗೂ ಕೈಟ್ ಸರ್ಫಿಂಗಿಗೂ ಭೌತವಿಜ್ಞಾನ ಒಂದೇ. ಕಾಲಡಿಗೆ ಹಲಗೆ, ಸೊಂಟಕ್ಕೆ ಬಿಗಿದ ಪಟ್ಟಿ, ಅಲ್ಲಿಂದ 20–25 ಮೀಟರ್ ಉದ್ದದ ದಾರಗಳು, ತುದಿಯಲ್ಲಿ ಕಮಾನಿನ ಆಕಾರದ ದೊಡ್ಡ ಪಟ. ಪಟದ ಮುಂಚೂಣಿ ಅಂಚಿನಲ್ಲಿ ಗಾಳಿ ತುಂಬಿದ ಕೊಳವೆಯಿರುವುದರಿಂದ ನೀರಿಗೆ ಬಿದ್ದರೂ ಅದು ಮುಳುಗದೆ ಮತ್ತೆ ಏಳುತ್ತದೆ. ಈ ಉಪಾಯಕ್ಕೆ 1984ರಲ್ಲಿ ಪೇಟೆಂಟ್ ಪಡೆದವರು ಫ್ರಾನ್ಸಿನ ಬ್ರೂನೊ ಮತ್ತು ಡೊಮಿನಿಕ್ ಲೆಗೆನ್ಯು ಸೋದರರು. ನಲವತ್ತು ವರ್ಷಗಳ ನಂತರ, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ, ಪಟ ಹಿಡಿದು ನೀರಿನ ಮೇಲೆ ಓಡುವ ಸ್ಪರ್ಧೆ ಮೊದಲ ಬಾರಿ ನಡೆಯಿತು.

ಪಟ ಬರೀ ಗಾಳಿಗೆ ಒಡ್ಡಿದ ಬಟ್ಟೆಯಲ್ಲ, ವಿಮಾನದ ರೆಕ್ಕೆಯಂತೆ ಕೆಲಸ ಮಾಡುತ್ತದೆ. ಅದರ ಬಾಗಿದ ಬೆನ್ನಿನ ಮೇಲೆ ಗಾಳಿ ಬೇಗ ಹರಿದು ಒತ್ತಡ ಕಡಿಮೆಯಾಗುತ್ತದೆ, ಒಳಮೈಯಲ್ಲಿ ಒತ್ತಡ ಹೆಚ್ಚಿರುತ್ತದೆ. ಈ ವ್ಯತ್ಯಾಸವೇ ಸೆಳೆತ. ಮನಸ್ಸಿನಲ್ಲಿಡಬೇಕಾದ ಸಂಗತಿ, ಗಾಳಿಯ ವೇಗ ಎರಡು ಪಟ್ಟಾದರೆ ಸೆಳೆತ ನಾಲ್ಕು ಪಟ್ಟಾಗುತ್ತದೆ. ಸೆಕೆಂಡಿಗೆ 8 ಮೀಟರ್, ಅಂದರೆ ಹೆಚ್ಚುಕಡಿಮೆ 15 ನಾಟ್ ಗಾಳಿ ಒಂದು ಚದರ ಮೀಟರ್ ಮೇಲೆ ಸುಮಾರು 4 ಕಿಲೊ ತೂಕದಷ್ಟು ಒತ್ತುತ್ತದೆ. 12 ಚದರ ಮೀಟರಿನ ಪಟಕ್ಕೆ ಅದು 45 ಕಿಲೊ ದಾಟುತ್ತದೆ. ಸವಾರ ಪಟವನ್ನು ಆಕಾಶದಲ್ಲಿ ಅಡ್ಡಡ್ಡ ಓಡಿಸಿದಾಗ ಪಟಕ್ಕೆ ತಗಲುವ ಗಾಳಿಯ ವೇಗ ಎರಡು ಪಟ್ಟಾಯಿತೆನ್ನಿ, ಸೆಳೆತ 180 ಕಿಲೊ ಮುಟ್ಟುತ್ತದೆ. 70 ಕಿಲೊ ತೂಕದ ಮನುಷ್ಯ ಮೇಲಕ್ಕೆ ಚಿಮ್ಮುವುದು ಹೀಗೆ. ಪಟ್ಟಿಯಲ್ಲಿರುವ ತಕ್ಷಣ ಬಿಡುಗಡೆಯ ಕೊಕ್ಕೆಯನ್ನು ಕಣ್ಣುಮುಚ್ಚಿ ಎಳೆಯಲು ಬರುವವರೆಗೆ ನೀರಿಗಿಳಿಯಬಾರದು ಎಂದು ತರಬೇತುದಾರರು ಹಟ ಹಿಡಿಯುವುದೂ ಇದಕ್ಕೇ.

ಪಟ ಗಾಳಿಯ ದಿಕ್ಕಿಗೆ ಎಳೆಯುತ್ತದೆ, ಹಲಗೆಯ ಅಂಚು ನೀರನ್ನು ಕಚ್ಚಿ ಪಕ್ಕಕ್ಕೆ ಜಾರುವುದನ್ನು ತಡೆಯುತ್ತದೆ. ಎರಡರ ಜಗ್ಗಾಟದಲ್ಲಿ ಸವಾರ ಗಾಳಿಗೆ ಅಡ್ಡಲಾಗಿ ಸಾಗುತ್ತಾನೆ. ಆದ್ದರಿಂದ ಬೇಕಾದದ್ದು ದಂಡೆಗೆ ಅಡ್ಡವಾಗಿ, ತುಸು ಓರೆಯಾಗಿ ದಡದ ಕಡೆಗೇ ಬೀಸುವ ಗಾಳಿ. ಕಣದಲ್ಲಿ ರಾಶಿ ತೂರುವವರು ಗಾಳಿಯ ದಿಕ್ಕು ನೋಡಿಕೊಂಡು ಮೊರ ಎತ್ತುವ ಹಾಗೆ ಇಲ್ಲಿಯೂ ವೇಗಕ್ಕಿಂತ ಮೊದಲು ದಿಕ್ಕು. ನೆಲದಿಂದ ಕಡಲಿಗೆ ಬೀಸುವ ಗಾಳಿಯಲ್ಲಿ ಇಳಿದರೆ ತಪ್ಪಿದವನನ್ನು ಅದು ನೇರ ಆಳಕ್ಕೆ ಒಯ್ಯುತ್ತದೆ.

ಕಾರವಾರದಲ್ಲಿ ಇಂಥ ಓರೆ ಗಾಳಿ ಸಿಗುವುದು ಫೆಬ್ರವರಿ ಕೊನೆಯಿಂದ ಮೇ ಮೊದಲ ಭಾಗದವರೆಗೆ, ಅದೂ ಮಧ್ಯಾಹ್ನ. ಬಿಸಿಲಿಗೆ ನೆಲ ಬೇಗ ಕಾಯುತ್ತದೆ, ಕಡಲು ನಿಧಾನ. ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಏರಿದಾಗ ಆ ಜಾಗಕ್ಕೆ ಕಡಲ ತಂಪುಗಾಳಿ ನುಗ್ಗುತ್ತದೆ. ಇಲ್ಲಿ ಸಹ್ಯಾದ್ರಿ ಕಡಲಿಗೆ ತಾಗಿಕೊಂಡೇ ನಿಂತಿರುವುದರಿಂದ ಕಾದ ಇಳಿಜಾರುಗಳೂ ಗಾಳಿಯನ್ನು ಮೇಲಕ್ಕೆ ಎಳೆಯುತ್ತವೆ. ಹನ್ನೊಂದರ ಸುಮಾರಿಗೆ ಪಡುವಣದಿಂದ ಮೆಲ್ಲಗೆ ಶುರುವಾಗುವ ಈ ಗಾಳಿ ಭೂಮಿಯ ತಿರುಗುವಿಕೆಯಿಂದ ಬಲಕ್ಕೆ ಹೊರಳಿ, ಎರಡು ಮೂರು ಗಂಟೆಯ ಹೊತ್ತಿಗೆ ವಾಯವ್ಯದಿಂದ 10–15 ನಾಟ್ ವೇಗದಲ್ಲಿ ಬೀಸತೊಡಗುತ್ತದೆ. ಪಶ್ಚಿಮಕ್ಕೆ ಮುಖ ಮಾಡಿದ ದಂಡೆಗೆ ವಾಯವ್ಯದ ಗಾಳಿಯೆಂದರೆ ಬೇಕಾದ ಓರೆಯೇ. ಮುಂಜಾನೆ ಇದರ ತದ್ವಿರುದ್ಧ: ರಾತ್ರಿ ತಣಿದ ನೆಲದಿಂದ ಮೂಡಗಾಳಿ ಕಡಲಿಗೆ ಇಳಿಯುತ್ತಿರುತ್ತದೆ. ನಸುಕಿನಲ್ಲಿ ಕನ್ನಡಿಯಂತಿರುವ ನೀರನ್ನು ನೋಡಿ ಮರುಳಾಗಬೇಡಿ.

ಜಾಗದ ವಿಷಯ. ಕಾಳಿ ನದಿಯ ಮುಖದ ಉತ್ತರಕ್ಕೆ ಸದಾಶಿವಗಡ, ಸೋದೆಯ ಅರಸರು ಕಟ್ಟಿಸಿದ ಕೋಟೆ. ಕೋಟೆಗೆ ಯಾವ ಗುಡ್ಡ ಆಸರೆಯೋ ಅದೇ ಗುಡ್ಡ ಪಟಕ್ಕೆ ಶತ್ರು. ಗುಡ್ಡ ದಾಟಿ ಬರುವ ಗಾಳಿ ಅದರ ಮರೆಯಲ್ಲಿ ಸುರುಳಿ ಸುತ್ತುತ್ತದೆ, ಪಟ ಒಮ್ಮೆ ಸತ್ತಂತೆ ಬಿದ್ದು ಮರುಕ್ಷಣ ಎಳೆಯುತ್ತದೆ. ವಾಯವ್ಯದ ಗಾಳಿಯಲ್ಲಿ ಆ ಮರೆ ಬೀಳುವುದು ಕಾಳಿಯ ಮುಖದ ಕಡೆಗೆ. ಇಳಿತದ ಹೊತ್ತಿನಲ್ಲಿ ನದಿಯ ಹರಿವೂ ಅಲ್ಲಿ ಕಡಲಿಗೆ ದೂಡುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸು ಈ ಸೆಳೆತ ಇನ್ನೂ ಜೋರು. ಆ ಮುಖವನ್ನು ಬಿಟ್ಟು ಉತ್ತರದ ಮಾಜಾಳಿಯ ತೆರೆದ ದಂಡೆಯನ್ನು ಆರಿಸುವುದು ಮೇಲು. ಊರಿನ ದಂಡೆಗೆ ಈಗ ರವೀಂದ್ರನಾಥ ಟ್ಯಾಗೋರರ ಹೆಸರಿದೆ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಯುವ ರವೀಂದ್ರರು ಬಂದು ತಂಗಿದ್ದರು. ಅಲ್ಲಿ ಸಂಜೆ ಜನ ಬಹಳ, ಬೆನ್ನಿಗೆ ಮರಗಳ ಸಾಲು, ಪಟ ಏರಿಸಲು ಜಾಗ ಸಾಲದು. ದಕ್ಷಿಣಕ್ಕಂತೂ ಹೋಗಲೇಬಾರದು: 2005ರಲ್ಲಿ ಕಾರ್ಯಾರಂಭ ಮಾಡಿದ ನೌಕಾನೆಲೆ ಐಎನ್‌ಎಸ್ ಕದಂಬ ಅಲ್ಲಿದೆ, ಅಂಜದೀವವೂ ಅದರ ಆವರಣದೊಳಗಿದೆ, ಪ್ರವೇಶವಿಲ್ಲ. ಎಲ್ಲೇ ಇಳಿದರೂ ಮೊದಲು ಪೊಲೀಸರನ್ನೂ ಮೀನುಗಾರರನ್ನೂ ಕೇಳಬೇಕು. ರಂಪಣಿ ಬಲೆ ಎಳೆಯುವ ದಂಡೆಯಲ್ಲಿ ನಮ್ಮ ದಾರಗಳು ಅವರ ದುಡಿಮೆಗೆ ಅಡ್ಡ ಬರಬಾರದು.

ಹಾಗಾದರೆ ಮನೋಳಿಯ ಮಗ್ಗುಲಲ್ಲೇ ಇರುವ ನವಿಲುತೀರ್ಥದ ರೇಣುಕಾ ಸಾಗರ ಏಕಾಗಬಾರದು? ಅಲ್ಲಿನ ಎತ್ತರ ಸಮುದ್ರಮಟ್ಟದಿಂದ 600 ಮೀಟರಿಗೂ ಹೆಚ್ಚು, ಗಾಳಿಯ ಸಾಂದ್ರತೆ ಕಾರವಾರಕ್ಕಿಂತ ಶೇಕಡ 6–7ರಷ್ಟು ಕಡಿಮೆ, ಸೆಳೆತವೂ ಅಷ್ಟೇ ಕಡಿಮೆ. ಅದು ಸಣ್ಣ ಮಾತು. ದೊಡ್ಡ ಮಾತೆಂದರೆ ಮಲಪ್ರಭೆ ಗುಡ್ಡ ಸೀಳಿಕೊಂಡು ಬರುವ ಆ ಕಣಿವೆಯಲ್ಲಿ ಗಾಳಿ ಸಮನಾಗಿರುವುದಿಲ್ಲ, ಆಪತ್ತಿನಲ್ಲಿ ಎತ್ತಿ ತರುವ ದೋಣಿಯೂ ಸಿದ್ಧವಿರುವುದಿಲ್ಲ. ಅಣೆಕಟ್ಟಿನ ನೀರಿನಲ್ಲಿ ಕಲಿಯುವ ಸಾಹಸ ಬೇಡ.

ಕಲಿಕೆಗೆ ರಾಮೇಶ್ವರದ ಕಡೆಯ ಆಳವಿಲ್ಲದ ನೀರು, ಇಲ್ಲವೇ ಉತ್ತರ ಗೋವೆಯ ಕಡಲತೀರಗಳು ಸರಿಯಾದ ಜಾಗ. ಕಲಿತು ಬಂದವರು ಮಾರ್ಚ್‌ನಲ್ಲಿ, ಹುಣ್ಣಿಮೆ ಅಮಾವಾಸ್ಯೆಗಳನ್ನು ತಪ್ಪಿಸಿ, ಧಾರವಾಡ, ಯಲ್ಲಾಪುರ, ಅರಬೈಲ್ ಘಟ್ಟದ ದಾರಿ ಹಿಡಿಯಲಿ. ಕಡಲಗಾಳಿ ಮೆಲುವಾದ್ದರಿಂದ 12 ಚದರ ಮೀಟರಿಗಿಂತ ಚಿಕ್ಕ ಪಟ ಒಯ್ದರೆ ಹಲಗೆ ಮೇಲೇಳುವುದೇ ಕಷ್ಟ. ಹೊರಡುವ ಹಿಂದಿನ ದಿನ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಅಲೆ ಮತ್ತು ಗಾಳಿಯ ಮುನ್ಸೂಚನೆ ನೋಡಿ. ಒಮಾನ್ ಕಡೆಯಿಂದ ವಾಯವ್ಯದ ಶಮಾಲ್ ಗಾಳಿ ಎಬ್ಬಿಸಿದ ದೂರದ ಅಲೆಗಳು ಈ ತಿಂಗಳುಗಳಲ್ಲೂ ಆಗಾಗ ನಮ್ಮ ದಂಡೆಗೆ ಬರುತ್ತವೆ. ಮುನ್ಸೂಚನೆಯಲ್ಲಿ ಅವು ಕಂಡರೆ ಪಟ ಬಿಚ್ಚದೆ ಸದಾಶಿವಗಡ ಹತ್ತಿ ಬನ್ನಿ.