ಕಾನೂನು ಮುಟ್ಟದ ಕೋಣೆಯಲ್ಲಿ ಇಬ್ಬರು ಹುಡುಗರು

2015ರ ಮೇ 22ರಂದು ಐರ್ಲೆಂಡಿನ ಮತದಾರರು ಸಲಿಂಗಿಗಳ ಮದುವೆಗೆ ಸಮ್ಮತಿಯ ಮುದ್ರೆ ಒತ್ತಿದರು. ಶೇಕಡ 62ರಷ್ಟು ಮತಗಳು ಪರವಾಗಿ ಬಿದ್ದವು. ಜನಮತಗಣನೆಯ ಮೂಲಕ ಈ ಹಕ್ಕನ್ನು ಒಪ್ಪಿಕೊಂಡ ಮೊದಲ ದೇಶ ಅದು. ಗಂಡಸರ ನಡುವಿನ ಸಂಬಂಧವನ್ನು ಅಪರಾಧವೆಂದು ಎಣಿಸುವ ಬ್ರಿಟಿಷರ ಕಾಲದ ಕಾನೂನು 1993ರವರೆಗೂ ಜಾರಿಯಲ್ಲಿದ್ದ ಕ್ಯಾಥೊಲಿಕ್ ನಾಡಿಗೆ ಇದು ಸಣ್ಣ ಹೆಜ್ಜೆಯಲ್ಲ. ಮರುವರ್ಷ ಟೊರಾಂಟೊ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ಕಂಡ 'ಹ್ಯಾಂಡ್‌ಸಮ್ ಡೆವಿಲ್' ಈ ಗೆಲುವಿನ ಸಂಭ್ರಮವನ್ನು ಚಿತ್ರಿಸಲಿಲ್ಲ. ಜಾನ್ ಬಟ್ಲರ್ ಬರೆದು ನಿರ್ದೇಶಿಸಿದ ಈ ಚಿತ್ರ ಹೋಗಿ ನಿಂತದ್ದು ಗಂಡುಹುಡುಗರ ಬೋರ್ಡಿಂಗ್ ಶಾಲೆಯೊಂದರ ಮಲಗುವ ಕೋಣೆಯಲ್ಲಿ. ದೇಶದ ಮನಸ್ಸು ಬದಲಾದರೂ ಆ ಕೋಣೆಯ ಮನಸ್ಸು ತಾನಾಗಿ ಬದಲಾಗುವುದಿಲ್ಲ, ಅಲ್ಲಿ ಜೊತೆಗಿರುವ ಗೆಳೆಯನೇ ಏನಾದರೂ ಮಾಡಬೇಕು ಎಂಬುದನ್ನು ಈ ಚಿತ್ರದಷ್ಟು ಸರಳವಾಗಿ ಹೇಳಿದ ಚಿತ್ರಗಳು ಕಡಿಮೆ.

ಕಥೆ ಹೆಚ್ಚು ಕವಲುಗಳಿಲ್ಲದ್ದು. ಫಿಯನ್ ಓಶೇ ನಟಿಸಿರುವ ನೆಡ್ ಸಂಗೀತಪ್ರಿಯ, ಒಂಟಿ. ರಗ್ಬಿಯೇ ಧರ್ಮವಾಗಿರುವ ಶಾಲೆಯಲ್ಲಿ ಆಟವೆಂದರೆ ದೂರ ಸರಿಯುವ ಇವನನ್ನು ಸಹಪಾಠಿಗಳು 'ಗೇ' ಎಂದು ಹಂಗಿಸುತ್ತಾರೆ. ಅವನ ಕೋಣೆಗೆ ಹೊಸದಾಗಿ ಬರುವವನು ನಿಕೋಲಸ್ ಗ್ಯಾಲಿಟ್ಜಿನ್ ನಟಿಸಿರುವ ಕಾನರ್, ರಗ್ಬಿಯಲ್ಲಿ ಎತ್ತಿದ ಕೈ. ತನ್ನನ್ನು ಕಾಡುವವರ ಪೈಕಿ ಇವನೂ ಒಬ್ಬನೆಂದು ಭಾವಿಸಿದ ನೆಡ್ ಪೀಠೋಪಕರಣಗಳನ್ನು ಒಟ್ಟಿ ಕೋಣೆಯ ನಡುವೆ ಗೋಡೆ ಎಬ್ಬಿಸುತ್ತಾನೆ. ಗಿಟಾರು ಆ ಗೋಡೆಯನ್ನು ಕರಗಿಸುತ್ತದೆ. ಆದರೆ ಸಹಪಾಠಿಗಳು ನೆಡ್‌ನ ಮೇಲೆ ಹೊರಿಸಿದ ಪದ ನಿಜವಾಗಿ ಅನ್ವಯವಾಗುವುದು ಅವರೇ ಹೆಗಲ ಮೇಲೆ ಹೊತ್ತು ಮೆರೆಸುತ್ತಿರುವ ಆಟಗಾರ ಕಾನರ್‌ಗೆ. ಚಿತ್ರದ ಮೊದಲ ಒಳನೋಟ ಇಲ್ಲಿದೆ. ಹಂಗಿಸುವವರಿಗೆ ಯಾರು ಸಲಿಂಗಿ, ಯಾರು ಅಲ್ಲ ಎಂಬ ಸತ್ಯ ಬೇಕಾಗಿಲ್ಲ. ತಮ್ಮ ಅಚ್ಚಿಗೆ ಹೊಂದದವನನ್ನು ಹೊರಗಿಡಲು ಒಂದು ಪದ ಸಾಕು. ಆದ್ದರಿಂದಲೇ ಈ ದ್ವೇಷ ಸಲಿಂಗಿಗಳ ಸಮಸ್ಯೆಯಾಗಿ ಮಾತ್ರ ಉಳಿಯುವುದಿಲ್ಲ. ಹಾಡುವ, ಓದುವ, ಮೆತ್ತಗೆ ಮಾತಾಡುವ ಪ್ರತಿ ಹುಡುಗನೂ ಅದರ ಬೆಲೆ ತೆರುತ್ತಾನೆ.

ಇಂಥ ಕಥೆಗಳಲ್ಲಿ ಸಲಿಂಗಿಯಲ್ಲದ ಗೆಳೆಯನನ್ನು ಉದಾರಿಯಾಗಿ ಚಿತ್ರಿಸಿ ಕೈತೊಳೆದುಕೊಳ್ಳುವುದು ಸುಲಭ. ಬಟ್ಲರ್ ಹಾಗೆ ಮಾಡುವುದಿಲ್ಲ. ತಂಡದ ಒತ್ತಡಕ್ಕೆ ಮಣಿದು ಕಾನರ್ ದೂರವಾದಾಗ, ನೊಂದ ನೆಡ್ ಇಡೀ ಶಾಲೆಯ ಎದುರು ಗೆಳೆಯನ ಗುಟ್ಟನ್ನು ರಟ್ಟು ಮಾಡುತ್ತಾನೆ. ವರ್ಷಗಟ್ಟಲೆ ತನ್ನನ್ನು ಹಿಂಸಿಸಿದ ಆಯುಧವನ್ನೇ ಅವನು ಗೆಳೆಯನ ಮೇಲೆ ಎತ್ತುತ್ತಾನೆ. ಪೀಡನೆಗೆ ಒಳಗಾದವನು ಪೀಡಿಸಲಾರ ಎಂಬ ನಮ್ಮ ಸಮಾಧಾನ ಅಲ್ಲಿಗೆ ಮುರಿಯುತ್ತದೆ. ಸಲಿಂಗಿಯ ಗೆಳೆಯನಾಗುವುದೆಂದರೆ ಅವನ ಗುಟ್ಟಿಗೆ ಕಾವಲಾಗುವುದು. ಅದನ್ನು ಯಾವಾಗ, ಯಾರಿಗೆ, ಹೇಗೆ ಹೇಳಬೇಕೆಂಬ ತೀರ್ಮಾನ ಅವನೊಬ್ಬನದೇ ಎಂದು ಒಪ್ಪುವುದು. ಕೋಪವೂ ಅಸೂಯೆಯೂ ಬಂದ ದಿನ ಆ ಒಪ್ಪಿಗೆ ನಿಲ್ಲುತ್ತದೆಯೇ ಎಂಬುದೇ ಗೆಳೆತನದ ನಿಜವಾದ ಪರೀಕ್ಷೆ. ನೆಡ್ ಆ ಪರೀಕ್ಷೆಯಲ್ಲಿ ಸೋತು, ಸೋಲನ್ನು ಅರಿತು, ತಿದ್ದಿಕೊಳ್ಳಲು ಹೊರಡುತ್ತಾನೆ.

ಐರ್ಲೆಂಡ್ ಈಗಾಗಲೇ ಬದಲಾಗಿರುವಾಗ ಈ ಕಥೆ ಹಳೆಯದಲ್ಲವೇ ಎಂದು ಕೇಳಬಹುದು. ಉತ್ತರ ಚಿತ್ರದ ಮತ್ತೊಂದು ಪಾತ್ರದಲ್ಲಿದೆ. ಆಂಡ್ರ್ಯೂ ಸ್ಕಾಟ್ ನಟಿಸಿರುವ ಇಂಗ್ಲಿಷ್ ಮೇಷ್ಟ್ರು ಡ್ಯಾನ್ ಶೆರಿ, ಎರವಲು ದನಿಯಲ್ಲಿ ಮಾತಾಡಬೇಡಿ ಎಂದು ಹುಡುಗರಿಗೆ ಕಲಿಸುವವನು. ಆದರೆ ತಾನೂ ಸಲಿಂಗಿ ಎಂಬುದನ್ನು ಶಾಲೆಯಲ್ಲಿ ಅವನು ಬಾಯಿಬಿಟ್ಟಿಲ್ಲ. ಇದು ಬರೀ ಅಳ್ಳೆದೆಯೇ? ಐರ್ಲೆಂಡಿನ ಶಾಲೆಗಳಲ್ಲಿ ಬಹುಪಾಲು ಚರ್ಚಿನ ಆಡಳಿತದವು. 1998ರ ಉದ್ಯೋಗ ಸಮಾನತೆ ಕಾಯ್ದೆಯ 37ನೇ ಸೆಕ್ಷನ್, ಧಾರ್ಮಿಕ ಸಂಸ್ಥೆಗಳಿಗೆ ತಮ್ಮ ತತ್ವ ಕಾಪಾಡುವ ಹೆಸರಿನಲ್ಲಿ ನೌಕರರನ್ನು ಭಿನ್ನವಾಗಿ ನಡೆಸಿಕೊಳ್ಳಲು ಅವಕಾಶ ಕೊಟ್ಟಿತ್ತು. ಆ ಸೆಕ್ಷನ್ನಿಗೆ ತಿದ್ದುಪಡಿಯಾದದ್ದು 2015ರ ಡಿಸೆಂಬರಿನಲ್ಲಿ, ಅಂದರೆ ಮದುವೆಯ ಮತದಾನ ಮುಗಿದು ಆರು ತಿಂಗಳಾದ ಮೇಲೆ. ಮದುವೆಯ ಹಕ್ಕಿಗೆ ಜನ ಒಪ್ಪಿದ ನಂತರವೂ, ಮದುವೆಯಾದ ಸುದ್ದಿಯನ್ನು ಸ್ಟಾಫ್‌ರೂಮಿನಲ್ಲಿ ಹೇಳಲು ಮೇಷ್ಟ್ರುಗಳು ಅಂಜಬೇಕಾಗಿದ್ದ ದಿನಗಳವು. ಆಟದ ಮೈದಾನವೂ ಹಿಂದೆಯೇ ಇತ್ತು. ವೇಲ್ಸಿನ ರಗ್ಬಿ ತಾರೆ ಗ್ಯಾರೆತ್ ಥಾಮಸ್ ತಾನು ಸಲಿಂಗಿ ಎಂದು ಹೇಳಿಕೊಂಡದ್ದು 2009ರಲ್ಲಿ. ಅದಕ್ಕೆ ಮೊದಲು ಮದುವೆಯಾಗಿ, ಎಷ್ಟೋ ವರ್ಷ ಮುಚ್ಚಿಟ್ಟು ಆಡಿದವರು ಅವರು. ಐರ್ಲೆಂಡಿನ ಲೆನ್‌ಸ್ಟರ್ ತಂಡದ ನಿಕ್ ಮೆಕಾರ್ಥಿ ಬಹಿರಂಗವಾಗಿ ಹೇಳಿಕೊಂಡದ್ದು 2022ರಲ್ಲಿ, ಚಿತ್ರ ಬಂದು ಐದಾರು ವರ್ಷಗಳಾದ ಮೇಲೆ. ಕಥೆ ಹಳೆಯದಾಗಿರಲಿಲ್ಲ.

ಮುಕ್ತಾಯ ತೀರಾ ಸಿಹಿಯಾಯಿತು ಎಂಬುದು ಎರಡನೆಯ ಆಕ್ಷೇಪ. ಫೈನಲ್ ಪಂದ್ಯದ ಹೊತ್ತಿಗೆ ತಂಡ ಕಾನರ್‌ನ ಬೆನ್ನಿಗೆ ನಿಲ್ಲುತ್ತದೆ, ದ್ವೇಷ ಕಾರುವ ಕೋಚ್ ಒಂಟಿಯಾಗುತ್ತಾನೆ. ಬದುಕಿನಲ್ಲಿ ಇಷ್ಟು ಬೇಗ ಮನಸ್ಸುಗಳು ತಿರುಗುವುದಿಲ್ಲ ಎಂಬುದು ನಿಜ. ಆದರೆ ಸಲಿಂಗಿ ಹುಡುಗರ ಕಥೆಗಳು ಎಷ್ಟೋ ಕಾಲದಿಂದ ಸಾವಿನಲ್ಲೋ ಊರು ಬಿಡುವುದರಲ್ಲೋ ಮುಗಿದಿವೆ. ಅವರಿಗೂ ಗೆಲುವಿನ ಕಥೆಯೊಂದು ಸಲ್ಲಬೇಡವೇ? ಹದಿನಾರರ ಹುಡುಗನೊಬ್ಬ ಈ ಚಿತ್ರ ನೋಡಿದರೆ ಅವನಿಗೆ ಬೇಕಿರುವುದು ವಾಸ್ತವದ ವರದಿಯಲ್ಲ, ಅದು ಅವನಿಗೆ ದಿನವೂ ಸಿಗುತ್ತದೆ. ಬೇರೆ ರೀತಿಯೂ ಸಾಧ್ಯ ಎಂಬ ನಂಬಿಕೆ ಅವನಿಗೆ ಸಿಗುವುದು ಅಪರೂಪ.

ಮೂರನೆಯ ಆಕ್ಷೇಪಕ್ಕೆ ಹೆಚ್ಚಿನ ತೂಕವಿದೆ. ಕಾನರ್‌ಗೆ ಚಿತ್ರ ಗೆಳೆಯನನ್ನು ಕೊಡುತ್ತದೆ, ಪ್ರೇಮಿಯನ್ನು ಕೊಡುವುದಿಲ್ಲ. ಎಲ್ಲ ಪ್ರೇಕ್ಷಕರಿಗೂ ಹಿತವಾಗಲೆಂದು ಸಲಿಂಗಿಯ ಬಯಕೆಯನ್ನು ತೆರೆಮರೆಗೆ ಸರಿಸಲಾಗಿದೆ ಎನ್ನುವವರಿದ್ದಾರೆ. ಅದೊಂದು ಕೊರತೆಯೇ ಹೌದು. ಆದರೂ ಪ್ರೇಮದ ಚಿತ್ರ ಹೇಳಲಾಗದ್ದನ್ನು ಗೆಳೆತನದ ಚಿತ್ರ ಹೇಳುತ್ತದೆ. ಇಬ್ಬರು ಗಂಡುಹುಡುಗರು ಒಂದೇ ಕೋಣೆಯಲ್ಲಿ ಹತ್ತಿರವಾದ ಕೂಡಲೇ ಜಗತ್ತು ಅದಕ್ಕೊಂದು ಹೆಸರಿಡಲು ಹೊರಡುತ್ತದೆ. ಆ ಗುಮಾನಿಗೆ ಹೆದರಿ ಎಷ್ಟೋ ಹುಡುಗರು ಸಲಿಂಗಿ ಸಹಪಾಠಿಯಿಂದ ಮಾರುದೂರ ನಿಲ್ಲುತ್ತಾರೆ. ಜನ ಏನೆಂದಾರು ಎಂಬ ಅಂಜಿಕೆ ಬಿಟ್ಟು ಗೆಳೆತನ ಉಳಿಸಿಕೊಳ್ಳುವುದೂ ಒಂದು ಧೈರ್ಯ, ಮತ್ತು ಆ ಧೈರ್ಯ ಬೇಕಿರುವುದು ಸಲಿಂಗಿಗಳಲ್ಲದ ಬಹುಸಂಖ್ಯಾತರಿಗೆ.

ಭಾರತದಲ್ಲೂ ಸಲಿಂಗ ಸಂಬಂಧವನ್ನು ಅಪರಾಧವೆಂದು ಎಣಿಸುತ್ತಿದ್ದ, ಬ್ರಿಟಿಷರೇ ಬರೆದ 377ನೇ ಸೆಕ್ಷನ್ನಿನ ಬಲವನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಮುರಿಯಿತು. ವಯಸ್ಕರ ಒಪ್ಪಿತ ಸಂಬಂಧ ಇಂದು ಇಲ್ಲಿ ಅಪರಾಧವಲ್ಲ. ನಮ್ಮ ಹಾಸ್ಟೆಲು ಕೋಣೆಗಳಿಗೆ ಆ ತೀರ್ಪನ್ನು ತಲುಪಿಸುವ ಕೆಲಸವನ್ನು ಯಾವ ನ್ಯಾಯಾಲಯವೂ ಮಾಡಲಾರದು. ಅಲ್ಲಿರುವ ಹುಡುಗರು, ಅವರ ಮೇಷ್ಟ್ರುಗಳು, ವಾರ್ಡನ್‌ಗಳು ಮಾಡಬೇಕು. ಹದಿಹರೆಯದ ಮಕ್ಕಳಿರುವ ಮನೆಯವರು ಈ ಚಿತ್ರವನ್ನು ಅವರ ಜೊತೆ ಕೂತು ನೋಡಲಿ, ನೋಡಿದ ಮೇಲೆ ಮಕ್ಕಳು ಹೇಳುವುದನ್ನು ತಾಳ್ಮೆಯಿಂದ ಕೇಳಲಿ.